ಸಿಂಬಿ

ಎಂಬತ್ತು ಕುರ್ಚಿ ಹಾಕಿದ್ದೆ. ಬಂದವರು ನಲವತ್ತೊಂದು,
ಅದರಲ್ಲೊಂದು ಕೈಗೂಸು.
ಹಿನ್ನೀರಿನ ದಡದ ಈ ಉಪ್ಪಿನ ಗೋದಾಮು
ಮ್ಯೂಸಿಯಂ ಆಗಿ ಒಂಬತ್ತು ವರ್ಷ.
ಎಷ್ಟು ಸುಣ್ಣ ಬಳಿದರೂ ತೇವದ ದಿನ ಗೋಡೆ ಬೆವರುತ್ತದೆ.
ನೆಕ್ಕಿ ನೋಡಿದ್ದೇನೆ, ಉಪ್ಪೇ.

ನನ್ನ ಕೆಲಸ ಮೈಕು. ಕಿವಿಗೆ ಹೆಡ್‌ಫೋನು.

ಹತ್ತಕ್ಕೆ ಉಪನ್ಯಾಸ. ಲಿಸ್ಬನ್ನಿನಿಂದ ಬಂದ ಡಾಕ್ಟರ್ ಫಿಯಾಲ್ಯು,
ಕತ್ತಿಗೆ ನೀಲಿ ರೇಷ್ಮೆಯ ವಸ್ತ್ರ,
ಪರದೆಯ ಮೇಲೆ ಅಂಕಿ ಹರವಿದರು:
ಬುಟ್ಟಿಗೆ ನಲವತ್ತು ಕಿಲೋ,
ಆಗರದಿಂದ ದೋಣಿಗೆ ನೂರಿಪ್ಪತ್ತು ಹೆಜ್ಜೆ,
ದಿನಕ್ಕೆ ಅರವತ್ತು ಸಲ.
ಮೂರನೇ ಸಾಲಿನ ಆಕಳಿಕೆ ನನ್ನ ಕಿವಿಯಲ್ಲೇ ಬಾಯಿ ತೆರೆಯಿತು.

ಆಮೇಲೆ ಶಾಲೆಯ ಹುಡುಗಿಯರ ಕುಣಿತ.
ಬಾಡಿಗೆಯ ಕೆಂಪು ಲಂಗ, ಅಕಾರ್ಡಿಯನ್ನು,
ತಲೆಯ ಬುಟ್ಟಿಯಲ್ಲಿ ಥರ್ಮೋಕೋಲಿನ ಉಪ್ಪು.
ತಿರುಗಿದಾಗೆಲ್ಲ ಅಷ್ಟಷ್ಟು ಹಾರಿ
ಮುಂದಿನ ಸಾಲಿನವರ ಕೋಟಿಗೆ ಅಂಟಿತು.

ಕರಪತ್ರದಲ್ಲಿ ಮುಂದಿನದು:
ಪ್ರಾತ್ಯಕ್ಷಿಕೆ, ಶ್ರೀಮತಿ ಎರ್ಮೀನಿಯಾ, ಹತ್ತು ನಿಮಿಷ.
ಎಂಬತ್ತಮೂರರ ಮುದುಕಿ. ಕಾಲರಿಗೆ ಮೈಕು ಸಿಕ್ಕಿಸಿದೆ.
‘ಏನಿದು, ಜಿರಳೆ?’ ಅಂದಳು; ಸಭೆಗೆಲ್ಲ ಕೇಳಿಸಿತು.

ಗಾಜಿನೊಳಗೆ ಇಣುಕಿದಳು:
ಬುಟ್ಟಿ, ಹಲಿಗೆ, ಕೂಲಿಯ ಲೆಕ್ಕದ ಪುಸ್ತಕ.
‘ಸಿಂಬಿ ಎಲ್ಲಿ?’

ಡಾಕ್ಟರು ನಿರ್ದೇಶಕರ ಮುಖ ನೋಡಿದರು,
ನಿರ್ದೇಶಕ ತವೇರಾ ಪಟ್ಟಿ ನೋಡಿದರು,
ಪಟ್ಟಿ ಯಾರ ಮುಖವನ್ನೂ ನೋಡಲಿಲ್ಲ.

‘ಬುಟ್ಟಿ ಇಟ್ಟಿದ್ದೀರಿ.
ಬುಟ್ಟಿ ಯಾವುದರ ಮೇಲೆ ಕೂತಿತ್ತೋ ಅದನ್ನಿಡಲಿಲ್ಲ.’
ಹರಿದ ಲಂಗ, ಸತ್ತವನ ಅಂಗಿ, ಕೂಸಿನ ಬಟ್ಟೆ,
ಸಿಕ್ಕಿದ್ದನ್ನು ಸುತ್ತುವುದು.
ಒಂದೂ ಎರಡನೇ ಬೇಸಿಗೆ ಕಂಡದ್ದಿಲ್ಲ.
ಕೊಡಲು ಯಾರ ಮನೆಯಲ್ಲಿದೆ?

ಕೈ ಚಾಚಿದಳು.
ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.
ಆ ರೇಷ್ಮೆಯನ್ನು, ಬಾಣಂತಿಯ ಹೊಟ್ಟೆ ಕಟ್ಟುವ ಬಿಗಿಯಲ್ಲಿ
ಹಿಂಡಿ, ಸುತ್ತಿ, ತುದಿ ಒಳಗೆ ತುರುಕಿದಳು.
ಕುಣಿದವಳೊಬ್ಬಳ ಬುಟ್ಟಿ ಕಸಿದು ಬೋರಲು ಹಾಕಿದಳು,
ನೆಲವೆಲ್ಲ ಬಿಳಿ.

‘ಖಾಲಿ ಬುಟ್ಟಿ ನಿಲ್ಲೋದಿಲ್ಲ. ತುಂಬಿ.’

ಮೊದಲು ಕರಪತ್ರದ ಕಟ್ಟು. ನಗು.
ನೀರಿನ ಬಾಟಲಿಗಳು, ಯಾರದೋ ಹೆಲ್ಮೆಟ್ಟು.
‘ಇನ್ನೂ.’
ತವೇರಾರ ಬೀಗದ ಕೈಗೊಂಚಲು,
ಬಾಗಿಲಿಗೆ ಒತ್ತು ಕೊಟ್ಟ ಎರಡು ಇಟ್ಟಿಗೆ.
‘ಇನ್ನೂ.’
ಈಗ ಯಾರೂ ನಗಲಿಲ್ಲ.

ಇಬ್ಬರು ಎತ್ತಿ ಹೊರಿಸಿದರು. ಚಪ್ಪಲಿ ಬಿಟ್ಟಳು.
ಅಲ್ಲಿಯತನಕ ಗೂನಾಗಿದ್ದ ಬೆನ್ನು
ಭಾರ ಬಿದ್ದೊಡನೆ ನೆಟ್ಟಗಾದದ್ದು ನಾನು ಕಂಡೆ.
ವೇದಿಕೆಯ ಅಂಚಿನಲ್ಲಿ ನಿಲ್ಲಬೇಕಿತ್ತು, ಅಲ್ಲಿಯತನಕವೇ ಲೈಟು.
ನಿಲ್ಲಲಿಲ್ಲ.
ಚಪ್ಪಾಳೆಯ ನಡುವೆ ಹಾದು, ಬಾಗಿಲು ದಾಟಿ,
ಕಾರುಗಳ ಸಾಲಿನ ಸಂದಿಯಲ್ಲಿ,
ಹಿಂದೆ ದೋಣಿ ಕಟ್ಟುತ್ತಿದ್ದ ಕಲ್ಲಿನ ಕಡೆಗೆ.

ಸ್ಪೀಕರು ಆರಿಸಿದೆ. ಕಾಲರಿನ ಮೈಕು ಹಾಗೇ ಇತ್ತು.
ನನ್ನ ಕಿವಿಗೆ ಮಾತ್ರ
ಅವಳ ಉಸಿರು, ಇಟ್ಟಿಗೆಗೆ ಇಟ್ಟಿಗೆ ತಾಕುವ ಸದ್ದು,
ಗಾಳಿ, ಒಂದು ಬೈಗುಳ,
ಕೊನೆಗೆ ನೀರಿನ ಹತ್ತಿರ, ಲೆಕ್ಕದವನಿಗೆ ಕೂಗಿ ಹೇಳುವಂತೆ:
‘ಒಂದು.’

ಊಟಕ್ಕೆ ಇಪ್ಪತ್ತು ನಿಮಿಷ ತಡವಾಯಿತು, ಮೀನು ತಣ್ಣಗಿತ್ತು.
ಡಾಕ್ಟರು ವಸ್ತ್ರ ವಾಪಸು ಕೇಳಲಿಲ್ಲ,
ಮುದುಕಿ ಕೊಡಲೂ ಇಲ್ಲ.
ಗಾಜಿನೊಳಗೆ ಅದಕ್ಕಿನ್ನೂ ಜಾಗ ಮಾಡಿಲ್ಲ.

ಗುಡಿಸುವವನೂ ನಾನೇ. ಮಳೆ ಬಂದು ಹೋಯಿತು,
ಗೋಡೆ ಬೆವರಿ ಒಣಗಿತು.
ಕುರ್ಚಿ ಸರಿಸಿದರೆ ಈಗಲೂ ಒಂದೆರಡು ಬಿಳಿ ಕಾಳು.
ಕರಗುವುದಿಲ್ಲ ಅವು.