ಮೇವಿಸ್‌ಗೊಂದು ಕೋಣೆ

ಮೊದಲನೆಯದರಲ್ಲಿ ಬಸ್‌ಸ್ಟಾಪು ಒಳಗೇ ಇತ್ತು,
ಓಣಿಯಂಥ ಹಜಾರದ ಕೊನೆಗೆ: ಬೆಂಚು, ಕಂಬ,
ಗಾಜಿನ ಹಿಂದೆ ವೇಳಾಪಟ್ಟಿ ಕೂಡ.
ಮನೆಗೆ ಹೋಗಬೇಕು ಅಂತ ಹಟ ಹಿಡಿದವರನ್ನು
ಇಲ್ಲಿ ಕೂರಿಸುತ್ತೇವೆ, ಅಂದಳು ಮ್ಯಾನೇಜರು,
ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತಾರೆ.
ಎಡ್ನಾ ದೊಡ್ಡಮ್ಮ ಕನ್ನಡಕ ಏರಿಸಿ ಪಟ್ಟಿ ಓದಿದಳು,
ಒಂದೊಂದೇ ಸಾಲು.
"ಒಂಬತ್ತನೇ ನಂಬರು ಈ ಕಡೆ ಬರುವುದೇ ಇಲ್ಲ."

ಎರಡನೆಯದಕ್ಕೆ ವಾರಕ್ಕೆ ಸಾವಿರದ ಮುನ್ನೂರು ಪೌಂಡು.
ಪಿಯಾನೋ ಇತ್ತು, ಮುಚ್ಚಳಕ್ಕೆ ಬೀಗವೂ ಇತ್ತು.
ಅಲ್ಲಿದ್ದವರೆಲ್ಲ ಅವಳ ತಲೆಯ ಮೇಲಿಂದ ನನ್ನೊಡನೆ ಮಾತಾಡಿದರು,
ಬೇಲಿಯಾಚೆಗಿನವರನ್ನು ಮಾತಾಡಿಸುವ ಹಾಗೆ:
ಊಟ ತಾನೇ ಮಾಡುತ್ತಾರಾ? ರಾತ್ರಿ ಎದ್ದು ಓಡಾಡುತ್ತಾರಾ?

ಓಡಾಡುತ್ತಾಳೆ.
ಮಾರ್ಚಿಯ ಬೆಳಗಿನ ಜಾವ ನಾಲ್ಕಕ್ಕೆ
ಗ್ರಿಮ್ಸ್‌ಬಿಯ ಹಳೆಯ ಹಡಗುಕಟ್ಟೆಯಲ್ಲಿ ಸಿಕ್ಕಿದ್ದಳು,
ನೈಟಿಯ ಮೇಲೆ ಗಂಡಸರ ಕೋಟು,
ಕೈಯಲ್ಲಿ ಬಲೆ ಹೆಣೆಯುವ ಸೂಜಿ. ಬಾಗಿಲು ತೆಗೆಯಿರಿ,
ಪಾಳಿಗೆ ತಡವಾಯಿತು ಎಂದು
ಮೂವತ್ತು ವರ್ಷಗಳ ಹಿಂದೆ ಕೆಡವಿದ ಕಾರ್ಖಾನೆಯನ್ನು
ಬಡಿಯುತ್ತಿದ್ದಳಂತೆ. ಏನನ್ನು ಬಡಿದಳೋ.
ಗೆಣ್ಣುಗಳಲ್ಲಿ ರಕ್ತವಿತ್ತು.

ಕಾರಿನಲ್ಲಿ ಕೇಳಿದಳು:
"ನಾವು ಹೀಗೆ ಹುಡುಕುತ್ತಿರುವುದು ಮೇವಿಸ್‌ಗೆ ಗೊತ್ತಾ?"
ಮೇವಿಸ್ ಅವಳ ತಂಗಿ. ನನ್ನ ಅಮ್ಮ.
ಹೋಗಿ ಎಂಟು ವರ್ಷವಾಯಿತು.
ಕೆಂಪು ದೀಪ. ವೈಪರು ಗಾಜನ್ನು ಕೆರೆಯುತ್ತಿತ್ತು.
"ಗೊತ್ತಿಲ್ಲ," ಅಂದೆ.
ಅದು ಸುಳ್ಳೂ ಅಲ್ಲ.

ಮೂರನೆಯದರ ಹೆಂಚಿನ ಮೇಲೆ ಪಾಚಿ,
ಮೆಟ್ಟಿಲ ಬಳಿ ಬಣ್ಣ ಎದ್ದಿತ್ತು, ಒಳಗೆ
ಬೆಂದ ಎಲೆಕೋಸಿನ ವಾಸನೆ. ಬಾಗಿಲು ತೆರೆದವಳು ರುದೋ,
ಹರಾರೆಯವಳು, ನನ್ನ ಕೈ ಬಿಟ್ಟು
ಮೊದಲು ದೊಡ್ಡಮ್ಮನ ಕೈ ಹಿಡಿದು ಹೆಸರು ಕೇಳಿದಳು.
"ನಾನು ಎಡ್ನಾ. ತಂಗಿಗೆ ಕೋಣೆ ನೋಡಲು ಬಂದಿದ್ದೇನೆ."
ರುದೋ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.
"ಬನ್ನಿ ಹಾಗಾದರೆ, ಚೆನ್ನಾಗಿ ನೋಡಿ."

ಎಂಥ ನೋಟ ಅದು! ಸೊಂಟ ನೆಟ್ಟಗಾಯಿತು.
ಕಿಟಕಿಯ ಹಲಗೆಗೆ ಬೆರಳು ಸವರಿದಳು,
ಮಂಚದ ತುದಿಗೆ ಕೂತು ಎರಡು ಸಲ ಕುಪ್ಪಳಿಸಿದಳು,
ಪಾಯಿಖಾನೆಯ ಸರಪಳಿ ಎಳೆದು
ನೀರು ಪೂರ್ತಿ ಇಳಿಯುವವರೆಗೆ ಕಾದಳು.
ಶುಕ್ರವಾರ ಯಾವ ಮೀನು? ಹ್ಯಾಡಕ್.
ಸರಿ. ಕಾಡ್ ಆಗಿದ್ದರೆ ನಾವು ಹೊರಟೇಹೋಗುತ್ತಿದ್ದೆವೇನೋ.

"ಅವಳಿಗೆ ಕತ್ತಲೆಂದರೆ ಭಯ," ಅಂದಳು ರುದೋಗೆ,
"ಕೇಳಿದರೆ ಒಪ್ಪುವುದಿಲ್ಲ. ಹೊರಗಿನ ದೀಪ ಆರಿಸಬೇಡ."
ಅಮ್ಮನಿಗೆ ಯಾವ ಭಯವೂ ಇರಲಿಲ್ಲ.
ದೀಪ ಹಚ್ಚಿಟ್ಟು ಮಲಗುವವಳು ಯಾರೆಂದು
ನನ್ನ ಬಾಲ್ಯವಿಡೀ ಗೋಡೆಯಾಚೆಯಿಂದ ಗೊತ್ತು.

ಆಮೇಲೆ ನನ್ನ ಕಡೆ ತಿರುಗಿ:
"ಒಂದು ವಾರಕ್ಕೆ ಮಾತ್ರ ಅಂತ ಅವಳಿಗೆ ಹೇಳಬೇಡ.
ಮೂರೇ ವಾರ ಅಂತ ಐಸ್‌ಲ್ಯಾಂಡಿನ ಕಡಲಿಗೆ ಹೋದ ಅಪ್ಪನನ್ನು
ನಾವಿಬ್ಬರೂ ಎಷ್ಟು ಕಾದೆವು ಗೊತ್ತಾ?
ಇದ್ದದ್ದು ಇದ್ದ ಹಾಗೆ ಹೇಳು. ಅಳಲಿ."

ಒಂದು ವಾರಕ್ಕೆ ಅನ್ನು, ರಜೆಯ ಹಾಗೆ ಅನ್ನು,
ಎಂದಿದ್ದ ಕ್ಲೈವ್, ನಿನ್ನೆ ರಾತ್ರಿ, ಫೋನಿನಲ್ಲಿ.
ಮನೆ ಮಾರಲು ಏಜೆಂಟನ್ನೂ ಅವನೇ ಹುಡುಕಿದ್ದಾನೆ.
ಆ ವಾಕ್ಯವನ್ನು ನಾನು
ಬೆಳಿಗ್ಗೆಯಿಂದ ನಾಲಗೆಯಡಿ ಇಟ್ಟುಕೊಂಡೇ ಬಂದಿದ್ದೆ,
ಕರಗದ ಮಾತ್ರೆಯಂತೆ.

ಅರ್ಜಿಯಲ್ಲೊಂದು ಸಾಲು: ಈ ಆಯ್ಕೆ ಯಾರದು?
ಎರಡು ಚೌಕ. ಸ್ವತಃ. ಸಂಬಂಧಿಕರು.
ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ,
ಚಹಾ ಬಂದು ತಣ್ಣಗಾಯಿತು.
"ದೊಡ್ಡಮ್ಮ, ಮೇವಿಸ್ ಇಲ್ಲಿ ಬೇಡ ಅಂದರೆ?"

ಅವಳ ಬೆರಳು ಮಡಿಲಲ್ಲಿ
ಇಲ್ಲದ ದಾರಕ್ಕೆ ಗಂಟು ಹಾಕುತ್ತಿದ್ದವು,
ಎಳೆದು, ಬಿಗಿದು, ಮುಂದಿನದಕ್ಕೆ.
"ಮೊದಲ ರಾತ್ರಿ ನಾನು ಜೊತೆಗೆ ಮಲಗುತ್ತೇನೆ,
ಆಮೇಲೆ ರೂಢಿಯಾಗುತ್ತದೆ," ಅಂದಳು.
ರುದೋಗೆ ಹೇಳಿದಳು, ದಿಂಬು ಎರಡು ಬೇಕಾದೀತು.