ತಾ

ಮೊದಲ ದಿನ, ಮೊದಲ ಗಿರಾಕಿ,
ಮೀನಿನ ಬಿಸಿ ಪೊಟ್ಟಣ ಇಸಿದುಕೊಂಡು
'ತಾ' ಅಂದ.
ಉಪ್ಪಿನ ಡಬ್ಬಿ ತಂದೆ. 'ತಾ' ಅಂದ.
ವಿನೆಗರ್ ತಂದೆ. 'ತಾ, ಲವ್.'
ಮರದ ಫೋರ್ಕು, ನಾಲ್ಕು ಕಾಗದದ ಚೂರು,
ಇನ್ನೇನೂ ತೋಚದೆ
ಒಳಗಿಂದ ಒಂದು ಕುರ್ಚಿ.

ಕುದಿಯುವ ಎಣ್ಣೆಯ ಮುಂದೆ ನಿಂತೇ
ಡೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.
ಬಾರ್ನ್ಸ್‌ಲಿಯಲ್ಲಿ 'ತಾ' ಅಂದರೆ, ಹುಡುಗಿ,
ಸಾಕು, ಬಂತು, ನಿನಗೆ ಒಳ್ಳೆಯದಾಗಲಿ.

ಹಟ್ಟಿಯಲ್ಲಿ ನಮ್ಮವ್ವನ 'ತಾ' ಎಂದೂ ಸಾಕಾದದ್ದಲ್ಲ.
ನೀರು ತಾ, ಕಡ್ಡಿಪೆಟ್ಟಿಗೆ ತಾ,
ಪಕ್ಕದ ಮನೆಯಿಂದ ಹೆಪ್ಪಿಗೆ ನಾಲ್ಕು ಹನಿ ಮಜ್ಜಿಗೆ ತಾ.
ಕೊಡುವಾಗ ಮಾತ್ರ 'ತಗೋ' ಅನ್ನುತ್ತಿದ್ದಳು.
ರೊಟ್ಟಿ ಹಾಕುತ್ತ 'ಕೊಟ್ಟೆ' ಅಂದವರನ್ನು
ನಾನಂತೂ ಕಂಡಿಲ್ಲ.

ಇಲ್ಲಿ ತಗೊಳ್ಳುವುದೇ ಬೇರೆ ಸಂತೆ.
ಬಸ್ಸು ತಗೋತಾರೆ, ಸ್ನಾನ ತಗೋತಾರೆ,
ಕುರ್ಚಿ ತಗೋ ಅಂದರೆ ಕೂತುಕೋ ಅಂತ,
ಮನೆಗೆ ಒಯ್ಯುವಂತಿಲ್ಲ.
ಯಾರದಾದರೂ ಅತಿಯಾದರೆ
ಅವನು ಬಿಸ್ಕತ್ತು ತಗೊಂಡ ಅನ್ನುತ್ತಾರೆ.
ಯಾವ ಬಿಸ್ಕತ್ತು, ಯಾರ ತಟ್ಟೆಯದು,
ಡೊರೀನ್‌ಗೂ ಗೊತ್ತಿಲ್ಲ.
ಕೌನ್ಸಿಲ್‌ನವರ ಮಾತನ್ನು
ಚಿಟಿಕೆ ಉಪ್ಪಿನ ಜೊತೆ ತಗೋ ಎಂದಳು ಒಮ್ಮೆ;
ನಂಬಬೇಡ ಅಂತ ಅದರ ಅರ್ಥವಂತೆ.
ಉಪ್ಪಿನ ಋಣ ಅಂತ ಬೆಳೆದವಳು ನಾನು,
ಅವತ್ತಿಡೀ ಉಪ್ಪಿನ ಡಬ್ಬಿಯನ್ನು ನೋಡುತ್ತಲೇ ಇದ್ದೆ.

ಬದಲಿಗೆ ನಾನೂ ಕಲಿಸಿದೆ:
ನಮ್ಮಲ್ಲಿ ಏಟು ತಿನ್ನುತ್ತಾರೆ, ಲಂಚ ತಿನ್ನುತ್ತಾರೆ,
ಮಕ್ಕಳು ತಲೆ ತಿನ್ನುತ್ತವೆ,
ಸುಮ್ಮನೆ ಕೂತವನು ಗಾಳಿ ತಿನ್ನುತ್ತಾನೆ.
'ಮತ್ತೆ ಉಪವಾಸ ಯಾವಾಗ?' ಅಂದಳು ಡೊರೀನ್.

ಸಂಜೆ ಐದೂವರೆಗೆ ಶಾಲೆಯ ಅಂಗಿಯಲ್ಲೇ ಹುಡುಗರು ಬಂದು
ಟೀಗೆ ಎರಡು ಮೀನು, ಒಂದು ಬಟಾಣಿ ಅನ್ನುತ್ತವೆ.
ಟೀ ಎಲ್ಲಿ ಅಂತ ಕೇಳುವುದನ್ನು ಬಿಟ್ಟಿದ್ದೇನೆ.

ಶುಕ್ರವಾರ ಹಾರ್ಡ್‌ಕ್ಯಾಸಲ್ ಬರುತ್ತಾನೆ,
ಕೋಲೂರಿ, ಎಲ್ಲರೂ ಹೋದ ಮೇಲೆ.
ಒಂದು ದಿನ ಕೇಳದೆಯೇ ಹೇಳಿದ:
ಕಲ್ಲಿದ್ದಲ ಗಣಿಗೆ ಇಳಿಯುವಾಗ ಒಯ್ಯುತ್ತಿದ್ದ ಬುತ್ತಿಗೆ
ಅವರು ಸ್ನ್ಯಾಪ್ ಅನ್ನುತ್ತಿದ್ದರು.
ತಗಡಿನ ಡಬ್ಬಿ, ಬ್ರೆಡ್ಡಿನ ಆಕಾರದ್ದು,
ಮುಚ್ಚಳ ಬಿದ್ದ ಸದ್ದೇ ಊಟದ ಹೆಸರು.

ನಮ್ಮಪ್ಪನೂ, ಅಂದೆ. ಬಂಗಾರದ ಗಣಿ.
ಜೋಳದ ರೊಟ್ಟಿ, ಪುಂಡಿಪಲ್ಯ, ಬಿಳಿ ವಸ್ತ್ರದ ಗಂಟು.
ಬಂಗಾರ ಅಂದದ್ದು ಅವನ ಕಿವಿಗೆ ಬೀಳಲೇ ಇಲ್ಲ.
'ವಸ್ತ್ರವೇ? ಇಲಿ?' ಅಂದ.
ಇದ್ದವು, ಅಂದೆ.
ಕೊನೆಯ ತುತ್ತನ್ನು ಅಪ್ಪ ಅಲ್ಲೇ ಬಿಟ್ಟು ಬರುತ್ತಿದ್ದ,
ಯಾರಿಗೆ ಅಂತ ಹೇಳುತ್ತಿರಲಿಲ್ಲ.
ಮುದುಕ ತಲೆಯಾಡಿಸಿದ,
ತನಗೆ ಗೊತ್ತು ಎಂಬಂತೆ.

ಬಾಣಲೆಯ ತಳದಲ್ಲಿ ಉಳಿದ
ಗರಿಗರಿ ಹಿಟ್ಟಿನ ಚೂರುಗಳನ್ನು,
ಅದಕ್ಕೆ ಕಾಸಿಲ್ಲ ಇಲ್ಲಿ,
ಇನ್ನೊಂದು ಹಿಡಿ ಹೆಚ್ಚೇ ಹಾಕಿ
'ತಗೋರಿ' ಅಂದುಬಿಟ್ಟೆ, ನಮ್ಮ ಮಾತಿನಲ್ಲಿ.

'ತಾ' ಅಂದ.

ಮೂರು ವರ್ಷವಾಯಿತು, ಅರ್ಥ ಗೊತ್ತು.
ಆದರೂ ಕೈ ತಡಕಾಡುತ್ತದೆ ಕಟ್ಟೆಯ ಮೇಲೆ.
ಉಪ್ಪು ಅವನ ಮುಂದೆಯೇ ಇದೆ.
ವಿನೆಗರ್ ಕೂಡ.