ಹದಿನಾಲ್ಕು ಸೂಜಿ

ರೆಡಿಂಗ್ ಸ್ಟೇಷನ್ನಿನ ಏಳನೇ ಪ್ಲಾಟ್‌ಫಾರ್ಮಿನಲ್ಲಿ
ನಾಯಿಗೆ ಟಿಕೆಟ್ ಬೇಡವೆಂದ ಗಾರ್ಡು.
ಹೆಸರೇನು ಎಂದ. ಕಡ್ಡಿ ಎಂದೆ.
ಓ, ಕ್ಯಾಡಿ! ಎನ್ನುತ್ತ ಕಿವಿ ಸವರಿದ.
ಕಿವಿಯೊಳಗೆ ಹಸಿರು ಹಚ್ಚೆ,
ಓಟದ ಮೈದಾನದವರು ಕುಟ್ಟಿದ ನಂಬರು.
ಸೋಲತೊಡಗಿದ ದಿನ ಬೇಡವಾದದ್ದು ಇದು:
ಕಾಲು ನಾಲ್ಕು, ಪಕ್ಕೆಲುಬು ಎಣಿಸಿದಷ್ಟು,
ಮಿಕ್ಕದ್ದೆಲ್ಲ ಸಂಕೋಚ.

ಸೀಟಿನ ಕೆಳಗೆ ಹಿಡಿಸದು. ದಾರಿಗಡ್ಡ ಮಲಗಿದೆ,
ಮಡಚಲು ಬಾರದ ಮಂಚದಂತೆ.
ದಾಟುವವರೆಲ್ಲ ಸಾರಿ ಎನ್ನುತ್ತಾರೆ,
ನನಗಲ್ಲ, ಅದಕ್ಕೆ.

ಚೀಲದಲ್ಲಿ ರೇಷ್ಮೆ ಸೀರೆಯ ಮೇಲೇ ನಾಯಿಯ ಬಿಸ್ಕತ್ತು,
ಅದರಡಿ ಸೆಲ್ವರಾಣಿಯ ಕಾಗದ.
"ಐವತ್ತಮೂರಕ್ಕೆ ಮದುವೆ ಆಗ್ತಿದೀನಿ, ನಗಬೇಡ.
ಹುಡುಗ ಡೆನ್ಜಿಲ್ ಪೆಂಗೆಲ್ಲಿ, ಅರವತ್ತು ವರ್ಷ.
ಅವನ ಮುತ್ತಜ್ಜ ನಮ್ಮೂರ ಗಣಿಗೆ ಇಳಿದಿದ್ದನಂತೆ,
ನಮ್ಮಪ್ಪ ಇಳಿದ ಅದೇ ಗುಂಡಿಗೆ.
ನಾಯಿ ಬಿಟ್ಟು ಬರೋಕಾಗಲ್ಲ ಅಂದ್ಯಲ್ಲ,
ಕರ್ಕೊಂಡು ಬಾ."

ಕೊನೆಯ ಆ ಎರಡು ಪದಗಳನ್ನು
ಸ್ವಿಂಡನ್ ದಾಟುವ ತನಕವೂ ಓದಿದೆ.

ಚಾಂಪಿಯನ್ ರೀಫಿನ ಲೈನು ಮನೆಗಳ ಹಿಂದೆ
ಸೈನೈಡ್ ಗುಡ್ಡದ ಮಣ್ಣು ಗಾಳಿಗೆ ಏಳುವ ಮಧ್ಯಾಹ್ನ.
ಇಬ್ಬರಿಗೂ ಒಂಬತ್ತು. ಕಲ್ಲೆಸೆದವಳು ನಾನು.
ನಾಯಿ ಎದ್ದಾಗ ಓಡಿದವಳೂ ನಾನೇ.
ಅವಳ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತಿತ್ತು,
ಅಷ್ಟೇ ವ್ಯತ್ಯಾಸ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ.
ಕಂಪನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು
ಒಂದೊಂದನ್ನೂ ಎಣಿಸಿದ್ದೆ.
ಕೊನೆಯ ದಿನ ಹೊಟ್ಟೆ ಹಿಡಿದುಕೊಂಡು ಬಂದವಳು
"ಕಲ್ಲು ಯಾರದು ಅಂತ ಹೇಳಿಲ್ಲ" ಎಂದಳು.
ಅಂದಿನಿಂದ ನನ್ನ ಬಳಪ, ಬೋರೆಹಣ್ಣು,
ಲೆಕ್ಕದ ಉತ್ತರ, ಎಲ್ಲ ಅವಳದೂ ಆಯಿತು.
ಅಸಲು ಹಾಗೇ ಉಳಿಯಿತು.

ಡಾಲಿಶ್ ಬಳಿ ಸಮುದ್ರ ಕಿಟಕಿಗೇ ಬಂದು ಉಗಿಯಿತು.
ಕಡ್ಡಿ ಎದ್ದು, ಓಡುವ ನೀರನ್ನು ನೋಡಿ,
ತಾನು ಓಡಬೇಕಿಲ್ಲವೆಂದು ಖಾತ್ರಿ ಮಾಡಿಕೊಂಡು
ಮತ್ತೆ ಮಲಗಿತು.
ಟೇಮರ್ ಸೇತುವೆಯ ಮೇಲೆ ರೈಲು ಬಸುರಿ ನಡಿಗೆ ನಡೆಯಿತು.
ಆಮೇಲೆ ಗಂಟೆ ಕಳೆದು, ಹೊಲಗಳ ನಡುವೆ, ಇಂಜಿನ್ ಮನೆಗಳು:
ಛಾವಣಿಯಿಲ್ಲದ ಕಲ್ಲುಗೋಡೆ, ಪಕ್ಕಕ್ಕೊಂದು ಚಿಮಣಿ.
ಎದೆ ಧಸಕ್ಕೆಂದಿತು.
ಇದೇನು, ಸುತ್ತಿ ಸುತ್ತಿ ಊರಿಗೇ ಬಂದೆನೆ?
ಶಿಫ್ಟಿನ ಸೈರನ್ ಒಂದು ಬಾಕಿ.

ರೆಡ್ರೂತ್‌ನ ಚಾಪೆಲ್ಲಿನ ಮೆಟ್ಟಿಲ ಮೇಲೆ
ಅರಿಶಿನದ ಸೀರೆ, ಅದರ ಮೇಲೆ ಡೆನ್ಜಿಲನ ದೊಗಲೆ ಕೋಟು,
ಮಲ್ಲಿಗೆ ಸಿಗದೆ ಮುಡಿಗೆ ಯಾವುದೋ ಬೇಲಿಯ ಹೂ.
ನನ್ನನ್ನು ನೋಡಲಿಲ್ಲ ಅವಳು.
ಕಡ್ಡಿಯನ್ನು ನೋಡಿದಳು. ಒಂದು ಮೆಟ್ಟಿಲು ಹಿಂದೆ ಸರಿದಳು.
ಹಗ್ಗವನ್ನು ಮುಂಗೈಗೆ ಮೂರು ಸುತ್ತು ಸುತ್ತಿದೆ.

"ನಾಗೂ, ಗಟ್ಟಿಯಾಗಿ ಹಿಡ್ಕೊಂಡಿದೀಯಾ?"
"ಹ್ಞೂಂ."
"ಈ ಸಲ ಓಡಲ್ಲ ತಾನೆ?"
ನಾಯಿಯ ಬಗ್ಗೆ ಕೇಳಿದಳೋ, ನನ್ನ ಬಗ್ಗೆಯೋ.

ಕಣ್ಣು ಮುಚ್ಚಿ, ಬಳೆ ಹಿಂದೆ ಸರಿಸಿ,
ಸೂಜಿಗೆ ಒಡ್ಡುವ ಹಾಗೆ ಕೈ ಚಾಚಿದಳು.
ಕಡ್ಡಿ ಗೋರಂಟಿ ಮೂಸಿತು. ಸೀನಿತು.
ಅವಳು ಕಿರುಚಿದಳು, ಡೆನ್ಜಿಲ್ ಓಡಿ ಬಂದ,
ಅಷ್ಟರಲ್ಲಿ ನಾಯಿ
ಯಾರದೋ ತಟ್ಟೆಯ ಪ್ಯಾಸ್ಟಿಯತ್ತ ತಿರುಗಿಯಾಗಿತ್ತು.

ಫೋಟೋದಲ್ಲಿ ಅವಳಿಗೂ ಕಡ್ಡಿಗೂ ನಡುವೆ
ಗಂಡನನ್ನೇ ಗೋಡೆಯಾಗಿ ನಿಲ್ಲಿಸಿಕೊಂಡಿದ್ದಾಳೆ.
ಗಂಡನ ಬೆನ್ನ ಹಿಂದೆ ಏನು ನಡೆಯಿತೆಂಬುದು
ಅದರಲ್ಲಿ ಕಾಣುವುದಿಲ್ಲ:
ಎರಡೇ ಬೆರಳ ತುದಿಯಲ್ಲಿ, ಆದಷ್ಟು ದೂರದಿಂದ,
ಪ್ಯಾಸ್ಟಿಯ ಒಂದು ಅಂಚು,
ಗಣಿಯವರು ಕೊಳೆಗೈಯಲ್ಲಿ ಹಿಡಿದು
ತಿನ್ನದೆ ಬಿಸಾಡುತ್ತಿದ್ದರಂತಲ್ಲ, ಅದು.